ಸಿಗರೇಟಿಗೆ ಏರಿಕೆ, ಬೆಣ್ಣೆಗೆ ಇಳಿಕೆ, ಬೀಡಿಗೂ ಇಳಿಕೆ: ಇದು ಯಾವ ಲೆಕ್ಕ?

ಘಾಟ್ಕೋಪರ್ ಗಲ್ಲಾ:

ಘಾಟ್ಕೋಪರ್ ಪೂರ್ವದಲ್ಲಿ ನಮ್ಮದೊಂದು ಸಣ್ಣ ಉಡುಪಿ ಹೋಟೆಲು. ಬಾಗಿಲಿಗೆ ಅಂಟಿಕೊಂಡಂತೆ ಜೌನ್‌ಪುರದವನೊಬ್ಬನ ಪಾನ್ ಅಂಗಡಿ. ಗಲ್ಲಾದಲ್ಲಿ ಕುಳಿತರೆ ಬೇಡವೆಂದರೂ ಅವನ ವ್ಯಾಪಾರವೆಲ್ಲ ಕಣ್ಣಿಗೆ ಬೀಳುತ್ತದೆ. ಯಾರು ಎಷ್ಟು ಹೊತ್ತಿಗೆ ಬರುತ್ತಾರೆ, ಯಾರು ಸಾಲ ಹೇಳುತ್ತಾರೆ, ಯಾರು ಹೆಂಡತಿಗೆ ಕಾಣದಂತೆ ಏಲಕ್ಕಿ ಜಗಿದು ಮನೆಗೆ ಹೋಗುತ್ತಾರೆ, ಎಲ್ಲವೂ.

2026ರ ಫೆಬ್ರುವರಿ 1ರಿಂದ ಒಂದು ಬದಲಾವಣೆ ನೋಡುತ್ತಿದ್ದೇನೆ. ಉದ್ದನೆಯ ಸಿಗರೇಟು ಒಂದಕ್ಕೆ ನಾಲ್ಕೈದು ರೂಪಾಯಿ ಏರಿತು. ಮೊದಲ ವಾರ ಎಲ್ಲರೂ ಅವನೊಂದಿಗೆ ಜಗಳವಾಡಿದರು, ಅವನೇ ಕಾನೂನು ಮಾಡಿದವನೋ ಎಂಬಂತೆ. ಎರಡನೆಯ ವಾರ ಜಗಳ ನಿಂತಿತು. ಮೂರನೆಯ ವಾರ ನಮ್ಮ ಹೋಟೆಲಿನ ಇಬ್ಬರು ವೇಟರುಗಳು, ಬೈಂದೂರು ಕಡೆಯ ಹುಡುಗರು, ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಕುಳಿತು ಬೀಡಿ ಸೇದುವುದನ್ನು ಕಂಡೆ. ಇಪ್ಪತ್ತೈದು ವಯಸ್ಸು ದಾಟದ ಹುಡುಗರ ಕೈಯಲ್ಲಿ ಬೀಡಿ ನೋಡಿ ಬಹಳ ವರ್ಷವಾಗಿತ್ತು. ಕೇಳಿದರೆ ನಕ್ಕು, ‘ಅಣ್ಣ, ಒಂದು ಸಿಗರೇಟಿನ ದುಡ್ಡಿಗೆ ಒಂದು ಕಟ್ಟು ಬರುತ್ತದೆ’ ಎಂದರು.

ನಾನು ಸೇದುವವನಲ್ಲ. 2025ರ ಸೆಪ್ಟೆಂಬರ್ 22ರಿಂದ ಬೆಣ್ಣೆ, ತುಪ್ಪದ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಸಾಬೂನು, ಟೂತ್‌ಪೇಸ್ಟು ಶೇ 18ರಿಂದ 5ಕ್ಕೆ ಬಂದವು, ನನ್ನ ಆರೋಗ್ಯ ವಿಮೆಯ ಮೇಲಿನ ಶೇ 18 ಪೂರ್ತಿ ಹೋಯಿತು. ಅದಕ್ಕೂ ಮೊದಲಿನ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲವೆಂದರು. ಇಷ್ಟೆಲ್ಲ ಬಿಟ್ಟುಕೊಟ್ಟ ಸರ್ಕಾರ ಸಿಗರೇಟು ಸೇದುವವನ ಜೇಬಿಗೆ ಕೈ ಹಾಕಿದರೆ ನನಗೆ ಬೇಸರವಿಲ್ಲ, ಸಂತೋಷವೇ. ನನ್ನ ಪ್ರಶ್ನೆ ಬೀಡಿಯದು. ಸಿಗರೇಟಿಗೆ ತೆರಿಗೆ ಏರಿಸಿದ ಅದೇ ದಿನ ಬೀಡಿಯ ಜಿಎಸ್‌ಟಿಯನ್ನು ಶೇ 28ರಿಂದ 18ಕ್ಕೆ ಇಳಿಸಿದ್ದಾರೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತಂತೆ. ಆರೋಗ್ಯಕ್ಕಾಗಿ ಏರಿಸಿದ್ದು ನಿಜವೇ ಆದರೆ, ಬೀಡಿಯ ಹೊಗೆ ಯಾರ ಎದೆಗೆ ಹೋಗುತ್ತದೆ?


ಕೊನೆಯ ದಮ್ಮು:

ಸಂತೋಷವಂತೆ! ಬೆಣ್ಣೆಯ ತೆರಿಗೆ ಏಳು ಇಳಿಯಿತಲ್ಲ, ನಿಮ್ಮ ಬೆಣ್ಣೆ ಮಸಾಲೆದೋಸೆಯ ಬೆಲೆ ಎಷ್ಟು ಇಳಿಸಿದಿರಿ, ಅದನ್ನು ಮೊದಲು ಹೇಳಿ.


ಘಾಟ್ಕೋಪರ್ ಗಲ್ಲಾ:

ಇಳಿಸಿಲ್ಲ. ಅನಿಲದ ಸಿಲಿಂಡರ್, ಬಾಡಿಗೆ, ಸಂಬಳ ಎಂದು ನೆಪ ಹೇಳಬಹುದು. ಆದರೆ ಪ್ರಶ್ನೆ ಸರಿಯಾಗಿದೆ, ಇಳಿಸಿಲ್ಲ.


ಡೊಂಬಿವಲಿ ಲೆಕ್ಕಪತ್ರ:

ಗಲ್ಲಾದವರ ಪ್ರಾಮಾಣಿಕತೆಗೆ ನಮಸ್ಕಾರ. ಒಂದು ಮಾತು ಸೇರಿಸುತ್ತೇನೆ: ಶೇ 5ರ ದರದಲ್ಲಿ ತೆರಿಗೆ ಕಟ್ಟುವ ಹೋಟೆಲಿನವರಿಗೆ ಕೊಂಡ ಸಾಮಾನಿನ ಮೇಲಿನ ಜಿಎಸ್‌ಟಿ ಮರಳಿ ಸಿಗುವುದಿಲ್ಲ. ಹಾಗಾಗಿ ಬೆಣ್ಣೆಯ ತೆರಿಗೆ ಇಳಿದರೆ ಅದು ನೇರವಾಗಿ ಅವರ ಖರ್ಚಿನಲ್ಲಿ ಉಳಿತಾಯ. ದೋಸೆ ತಿನ್ನುವವನಿಗೆ ತಲುಪುವುದು ಬಿಡುವುದು ಗಲ್ಲಾದವರ ಮರ್ಜಿ.

ಈಗ ಸಿಗರೇಟಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವ ಲೆಕ್ಕಗಳೆಲ್ಲ ಅರ್ಧ.

ಜನವರಿ 31ರವರೆಗೆ ಸಿಗರೇಟಿನ ಮೇಲೆ ಮುಖ್ಯವಾಗಿ ಎರಡು ಭಾರವಿದ್ದವು. ಒಂದು ಶೇ 28 ಜಿಎಸ್‌ಟಿ. ಇನ್ನೊಂದು ಪರಿಹಾರ ಸೆಸ್, ಅಂದರೆ 2017ರಲ್ಲಿ ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ ಆಗುವ ನಷ್ಟ ತುಂಬಲು ಹಾಕಿದ್ದು. ಐದು ವರ್ಷಕ್ಕೆ ಎಂದಿದ್ದರು. ಕೊರೊನಾ ಕಾಲದಲ್ಲಿ ರಾಜ್ಯಗಳಿಗಾಗಿ 2.69 ಲಕ್ಷ ಕೋಟಿ ರೂಪಾಯಿ ಸಾಲ ಎತ್ತಿದ್ದರಿಂದ ಅದನ್ನು ತೀರಿಸುವವರೆಗೆ ಸೆಸ್ ಮುಂದುವರಿಯಿತು. ಸಾಲ ತೀರುತ್ತಾ ಬಂದಾಗ ಸೆಸ್ ತೆಗೆಯಬೇಕಾಯಿತು. ತೆಗೆದು ಸುಮ್ಮನಿದ್ದರೆ ಸಿಗರೇಟು ಅಗ್ಗವಾಗುತ್ತಿತ್ತು! ಆ ಜಾಗ ತುಂಬಲು 2025ರ ಡಿಸೆಂಬರಿನಲ್ಲಿ ಕೇಂದ್ರ ಅಬಕಾರಿ ಕಾಯ್ದೆಗೆ ತಿದ್ದುಪಡಿ ತಂದರು. ಫೆಬ್ರುವರಿ 1ರಿಂದ ಜಿಎಸ್‌ಟಿ ಶೇ 40, ಜೊತೆಗೆ ಉದ್ದಕ್ಕೆ ತಕ್ಕಂತೆ ಸಾವಿರ ಸಿಗರೇಟಿಗೆ 2,050ರಿಂದ 8,500 ರೂಪಾಯಿವರೆಗೆ ಅಬಕಾರಿ ಸುಂಕ.

ಈಗ ಒಂದೊಂದೇ ಸಿಗರೇಟನ್ನು ಕೈಗೆತ್ತಿಕೊಳ್ಳೋಣ (ನಾನೂ ಸೇದುವವನಲ್ಲ, ಲೆಕ್ಕಕ್ಕೆ ಮಾತ್ರ). 70ರಿಂದ 75 ಮಿಲಿಮೀಟರ್ ಉದ್ದದ, ಫಿಲ್ಟರ್ ಇರುವ ಸಿಗರೇಟಿಗೆ ಹಿಂದಿನ ಸೆಸ್ಸಿನಲ್ಲಿ ಸಾವಿರಕ್ಕೆ 3,668 ರೂಪಾಯಿ, ಜೊತೆಗೆ ಬೆಲೆಯ ಶೇ 5. ಈಗ ಸುಂಕ ಸುಮಾರು 5,400. ಅಂದರೆ ಒಂದಕ್ಕೆ 3.67 ಇದ್ದದ್ದು 5.40. ಇಷ್ಟೇ ಎಂದುಕೊಳ್ಳಬೇಡಿ. ಸೆಸ್ಸಿನ ಮೇಲೆ ಜಿಎಸ್‌ಟಿ ಬೀಳುತ್ತಿರಲಿಲ್ಲ, ಅಬಕಾರಿ ಸುಂಕದ ಮೇಲೆ ಬೀಳುತ್ತದೆ. 5.40ರ ಮೇಲೆ ಶೇ 40 ಸೇರಿಸಿದರೆ 7.56. ಒಂದು ಸಿಗರೇಟಿಗೆ ಈ ಒಂದು ಬಾಬ್ತಿನಲ್ಲೇ ಸುಮಾರು 3.90 ರೂಪಾಯಿ ಏರಿತು. ಉಳಿದ ಬೆಲೆಯ ಮೇಲೆ 28 ಮತ್ತು 5 ಸೇರಿ 33 ಇದ್ದದ್ದು 40 ಆಯಿತು, ಅದು ಬೇರೆ.

65 ಮಿಲಿಮೀಟರ್ ಒಳಗಿನ ಗಿಡ್ಡ ಫಿಲ್ಟರ್ ಸಿಗರೇಟಿಗೆ? ಸೆಸ್ ಇದ್ದದ್ದು ಸಾವಿರಕ್ಕೆ 2,076. ಈಗ ಸುಂಕ 2,100. ಶೇ 40 ಸೇರಿಸಿದರೆ ಒಂದಕ್ಕೆ 2.08 ಇದ್ದದ್ದು 2.94. ಏರಿಕೆ ಒಂದು ರೂಪಾಯಿಯೂ ಇಲ್ಲ.

ಅಂದರೆ ಉದ್ದ ಸಿಗರೇಟಿಗೂ ಗಿಡ್ಡ ಸಿಗರೇಟಿಗೂ ಈ ತೆರಿಗೆಯಲ್ಲಿ ಹಿಂದೆ 1.59 ರೂಪಾಯಿ ಅಂತರವಿತ್ತು. ಈಗ 4.62. ಜನ ಮೆಟ್ಟಿಲಿಳಿಯಲು ಸರ್ಕಾರವೇ ಕೈಹಿಡಿ ಕಟ್ಟಿಕೊಟ್ಟಂತಾಯಿತು. ಮಾರುಕಟ್ಟೆಯಲ್ಲಿ 64 ಮಿಲಿಮೀಟರಿನ ಸಿಗರೇಟು ಎಂಬುದೊಂದು ಹುಟ್ಟಿಕೊಂಡಿರುವುದು ಸೇದುವವರಿಗೆ 64 ಎಂಬ ಅಂಕಿಯ ಮೇಲೆ ಪ್ರೀತಿ ಎಂದಲ್ಲ. 65ರ ಗೆರೆಗೆ ಒಂದು ಮಿಲಿಮೀಟರ್ ಕೆಳಗೆ ನಿಲ್ಲಬೇಕು, ಅಷ್ಟೇ. ಅದಕ್ಕೂ ಕೆಳಗಿನ ಮೆಟ್ಟಿಲು ಬೀಡಿ. ಅದಕ್ಕೆ ಪರಿಹಾರ ಸೆಸ್ ಎಂದೂ ಇರಲಿಲ್ಲ, ಈಗ ಜಿಎಸ್‌ಟಿಯೂ ಹತ್ತು ಇಳಿಯಿತು. ಬೀಡಿ ಎಲೆಗೆ ಸೆಪ್ಟೆಂಬರಿನಲ್ಲೇ ಶೇ 18ರಿಂದ 5.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎನ್ನುವುದು ಇದಕ್ಕೇ. ತಂಬಾಕಿನ ವಿಷಯದಲ್ಲಿ ಸುಣ್ಣವೂ ಬೇಕಾಗುತ್ತದೆ ಎನ್ನುವುದು ಬೇರೆ ಮಾತು.


ವಾಸ್ಕೋ ವಾಸಿ:

ಲೆಕ್ಕಪತ್ರದವರೇ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಗೋವೆಯಿಂದ ಒಂದು ಹಳೆಯ ನೆನಪು. 2012ರ ಏಪ್ರಿಲಿನಲ್ಲಿ ಮನೋಹರ್ ಪರ‍್ರೀಕರ್ ಸರ್ಕಾರ ಪೆಟ್ರೋಲ್ ಮೇಲಿನ ವ್ಯಾಟ್ ಅನ್ನು ಶೇ 0.1ಕ್ಕೆ ಇಳಿಸಿತು. ಲೀಟರಿಗೆ ಸುಮಾರು 11 ರೂಪಾಯಿ ಒಂದೇ ಏಟಿಗೆ ಕಡಿಮೆ. ಕಾರವಾರದ ನಮ್ಮ ಮಾವ ಗಡಿಯ ಪೋಳೆಂ ದಾಟಿ ಕಾಣಕೋಣಕ್ಕೆ ಬಂದು ಟ್ಯಾಂಕು ತುಂಬಿಸಿಕೊಂಡು ಹೋಗುತ್ತಿದ್ದರು, ನೆಪಕ್ಕೆ ನಮ್ಮನ್ನು ನೋಡಲು ಬಂದೆ ಎನ್ನುತ್ತಿದ್ದರು. ಆಗಲೂ ಕ್ಯಾಸಿನೊದವರಿಂದ ಹೆಚ್ಚು ವಸೂಲಿ ಮಾಡಿ ಸಾಮಾನ್ಯರಿಗೆ ಇಳಿಸುತ್ತೇವೆ ಎಂಬ ಮಾತೇ ಇತ್ತು. ನಂತರದ ವರ್ಷಗಳಲ್ಲಿ ಪೆಟ್ರೋಲ್ ವ್ಯಾಟ್ ಸದ್ದಿಲ್ಲದೆ ಮತ್ತೆ ಮೇಲೇರಿತು. ಕ್ಯಾಸಿನೊ ಹಡಗುಗಳು ಮಾಂಡವಿಯಲ್ಲಿ ಇನ್ನೂ ತೇಲುತ್ತಿವೆ, ಮಾವ ಮಾತ್ರ ಬರುವುದು ನಿಂತಿತು.

ಇಳಿದ ತೆರಿಗೆಗೆ ಕಾಲಿರುತ್ತದೆ, ಹಿಂದಿರುಗಿ ಬರುತ್ತದೆ ಎನ್ನುವುದಷ್ಟೇ ನನ್ನ ಅನುಭವ.


ಕೊನೆಯ ದಮ್ಮು:

ಎಲ್ಲರೂ ಸೇದದವರೇ ಮಾತನಾಡುತ್ತಿದ್ದೀರಿ. ಸೇದುವವನ ಒಂದು ಮಾತು ಕೇಳಿ.

ನಾನು ಅಂಧೇರಿಯ ಒಂದು ಗೋದಾಮಿನಲ್ಲಿ ಮೇಲ್ವಿಚಾರಕ. ದಿನಕ್ಕೆ ಆರು ಸಿಗರೇಟು. ಒಂದಕ್ಕೆ ಮೂರು ರೂಪಾಯಿ ಏರಿತು ಎಂದೇ ಹಿಡಿಯಿರಿ, ದಿನಕ್ಕೆ 18, ತಿಂಗಳಿಗೆ 540. ಈಗ ಇಳಿಸಿದ್ದು ನೋಡೋಣ. 12 ಲಕ್ಷದ ವಿನಾಯಿತಿ ನನಗೆ ಸಂಬಂಧವಿಲ್ಲ, ನಾನು ಮೊದಲೂ ಆದಾಯ ತೆರಿಗೆ ಕಟ್ಟುವಷ್ಟು ದುಡಿಯುತ್ತಿರಲಿಲ್ಲ. ವಿಮೆ ಇಲ್ಲ. ಕಾರು ಇಲ್ಲ. ಸಾಬೂನು, ಟೂತ್‌ಪೇಸ್ಟು, ತಲೆಗೆಣ್ಣೆ, ಶಾಂಪೂ ಎಲ್ಲ ಸೇರಿ ಮನೆಗೆ ತಿಂಗಳಿಗೆ ಐನೂರರ ಸಾಮಾನು. 118ಕ್ಕೆ ಸಿಗುತ್ತಿದ್ದದ್ದು 105ಕ್ಕೆ ಸಿಕ್ಕರೆ ಐನೂರಕ್ಕೆ 55 ರೂಪಾಯಿ ಉಳಿಯಿತು. ಅದೂ ಅಂಗಡಿಯವನು ಪೂರ್ತಿ ಇಳಿಸಿದ್ದರೆ. 540 ತೆಗೆದುಕೊಂಡು 55 ಕೊಟ್ಟು, ‘ತೆರಿಗೆ ಇಳಿಸಿದ್ದೇವೆ, ಹಬ್ಬ ಮಾಡಿ’ ಎಂದರೆ ನಾನು ಯಾವ ಹಬ್ಬ ಮಾಡಲಿ? ನನ್ನ 540 ಹೋಗುವುದು ಹನ್ನೆರಡು ಲಕ್ಷ ದುಡಿಯುವವನ ಮನೆಗೆ ಅಲ್ಲವೇ?


ಪರೇಲ್ ರಾತ್ರಿಪಾಳಿ:

ಬಿಟ್ಟರೆ 540 ಮಾತ್ರವಲ್ಲ, ಪೂರ್ತಿ ಮೂರು ಸಾವಿರಕ್ಕೂ ಮೇಲೆ ಉಳಿಯುತ್ತದೆ. ಹೇಳುವುದು ಸುಲಭ ಎಂದು ನನಗೂ ಗೊತ್ತು. ದಿನವೂ ಹೇಳುತ್ತೇನೆ, ದಿನವೂ ಕೇಳಿದವರು ತಲೆಯಾಡಿಸುತ್ತಾರೆ.


ಕೊನೆಯ ದಮ್ಮು:

ಎರಡು ಬಾರಿ ಬಿಟ್ಟಿದ್ದೆ. ಒಮ್ಮೆ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳಲ್ಲಿ ಏಳು ಕಿಲೋ ದಪ್ಪಗಾದೆ, ಎಲ್ಲರ ಮೇಲೆ ರೇಗಿದೆ. ಬೆಲೆ ಏರಿದ್ದರಿಂದ ಬಿಟ್ಟದ್ದಲ್ಲ, ಮಗಳು ಹುಟ್ಟಿದ್ದರಿಂದ.


ಡೊಂಬಿವಲಿ ಲೆಕ್ಕಪತ್ರ:

ದಮ್ಮಿನವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಬೆಲೆ ಏರಿದರೆ ಸೇದುವುದು ಕಡಿಮೆಯಾಗುತ್ತದೆ ಎನ್ನುವುದೂ ಸುಳ್ಳಲ್ಲ. ಬೆಲೆ ಶೇ 10 ಏರಿದರೆ ಶ್ರೀಮಂತ ದೇಶಗಳಲ್ಲಿ ಬಳಕೆ ಸುಮಾರು ಶೇ 4, ನಮ್ಮಂಥ ದೇಶಗಳಲ್ಲಿ ಶೇ 5ರಷ್ಟು ಇಳಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದಿದೆ. ಹೆಚ್ಚಾಗಿ ಬಿಡುವವರು ಹುಡುಗರು ಮತ್ತು ಕೈಯಲ್ಲಿ ಕಾಸಿಲ್ಲದವರು. ತೆರಿಗೆ ಬಡವನ ಮೇಲೆ ಭಾರ ಎನ್ನುವುದೂ ನಿಜ, ಬಿಡುವ ಲಾಭ ಬಡವನಿಗೇ ಹೆಚ್ಚು ಎನ್ನುವುದೂ ನಿಜ. ಆದರೆ ಈ ಎರಡನೆಯದು ನಿಜವಾಗಬೇಕಾದರೆ ಕೆಳಗಿನ ಮೆಟ್ಟಿಲು ಇರಬಾರದು. ಸಿಗರೇಟು ಬಿಟ್ಟು ಮನೆಗೆ ಹೋದವನು ಒಬ್ಬ, ಮೆಟ್ಟಿಲ ಮೇಲೆ ಬೀಡಿ ಹಿಡಿದು ಕುಳಿತವನು ಇನ್ನೊಬ್ಬ. ಸಿಗರೇಟಿನ ಮಾರಾಟದ ಲೆಕ್ಕದಲ್ಲಿ ಇಬ್ಬರೂ ಒಂದೇ.

ಇನ್ನು ಆ 540 ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಫಿಲಿಪೀನ್ಸ್ 2012ರಲ್ಲಿ ತಂಬಾಕು ಮತ್ತು ಮದ್ಯದ ಸುಂಕ ಏರಿಸಿದಾಗ ಹೆಚ್ಚುವರಿ ಹಣದ ಬಹುಪಾಲನ್ನು ಬಡವರ ಆರೋಗ್ಯ ವಿಮೆಗೆ ಎಂದು ಕಾನೂನಿನಲ್ಲೇ ಬರೆದುಬಿಟ್ಟಿತು. ಅಲ್ಲಿ ಸೇದುವವನಿಗೆ ‘ನಿನ್ನ ದುಡ್ಡು ಇಲ್ಲಿದೆ’ ಎಂದು ತೋರಿಸಬಹುದು. ನಮ್ಮಲ್ಲಿ ಹೊಸ ಸುಂಕದಲ್ಲಿ ರಾಜ್ಯಗಳಿಗೂ ಪಾಲಿದೆ. ಆದರೆ ಅದು ಎಲ್ಲ ಹಣದೊಂದಿಗೆ ಒಂದೇ ಹೊಂಡಕ್ಕೆ ಬೀಳುತ್ತದೆ.


ಪರೇಲ್ ರಾತ್ರಿಪಾಳಿ:

ನಿನ್ನೆ ಪಾಳಿ ಮುಗಿಸಿ ಬಂದು ಇದೆಲ್ಲ ಓದಿದೆ. ಸಿಗರೇಟು, ಬೀಡಿ ಎರಡರಲ್ಲೇ ಸುತ್ತುತ್ತಿದ್ದೀರಿ.

ನಾನು ಪರೇಲಿನಲ್ಲಿ ಹದಿನಾಲ್ಕು ವರ್ಷದಿಂದ ದಾದಿ. ಟಾಟಾ ಸ್ಮಾರಕ ಆಸ್ಪತ್ರೆ 1941ರಲ್ಲಿ ಶುರುವಾದ ಬೀದಿ ಇದು. ಅದರ ಆಸುಪಾಸಿನ ಪಾದಚಾರಿ ದಾರಿಯಲ್ಲಿ ಚೀಲ, ಸ್ಟವ್ವು, ಫೈಲು ಹಿಡಿದು ಮಲಗುವ ಕುಟುಂಬಗಳನ್ನು ನೀವೂ ನೋಡಿರುತ್ತೀರಿ. ಕಲಬುರಗಿ, ವಿಜಯಪುರ, ಬೀದರ್ ಕಡೆಯವರು ಬಹಳ. ಕನ್ನಡ ಬರುವ ದಾದಿ ಸಿಕ್ಕಳೆಂದರೆ ಕೈ ಹಿಡಿದುಕೊಂಡುಬಿಡುತ್ತಾರೆ. ಅವರಲ್ಲಿ ಬಾಯಿಯ ಹುಣ್ಣಿನಿಂದ ಬಂದವರನ್ನು ಕೇಳಿ ನೋಡಿ. ಸಿಗರೇಟು ಮುಟ್ಟಿದವರೇ ಅಲ್ಲ ಎಷ್ಟೋ ಜನ. ತಂಬಾಕು ಸುಣ್ಣ ತಿಕ್ಕಿ ಕೆಳತುಟಿಯೊಳಗೆ ಇಟ್ಟವರು, ಗುಟ್ಕಾ ಹಾಕಿದವರು. ಕೊಂಕಣದ ಹೆಂಗಸರು ಮಶೇರಿ ಎಂದು ಸುಟ್ಟ ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುತ್ತಾರೆ. ಅದು ಅವರ ಲೆಕ್ಕದಲ್ಲಿ ಚಟವೇ ಅಲ್ಲ, ಹಲ್ಲುಜ್ಜುವುದು.

2016-17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಮಹಾರಾಷ್ಟ್ರದಲ್ಲಿ ಹೊಗೆ ಸೇದುವವರು ಶೇ 3.8. ಹೊಗೆಯಿಲ್ಲದ ತಂಬಾಕಿನವರು ಶೇ 24.4. ಇಡೀ ದೇಶದಲ್ಲಿ ಸಿಗರೇಟು ಶೇ 4ರಷ್ಟು ಜನ, ಬೀಡಿ ಅದರ ಹತ್ತಿರ ಹತ್ತಿರ ಎರಡರಷ್ಟು. ನೀವೆಲ್ಲ ನಾಲ್ವರ ಜೇಬಿನ ಬಗ್ಗೆ ಜಗಳವಾಡುತ್ತಿದ್ದೀರಿ, ನಾನು ಉಳಿದ ಇಪ್ಪತ್ತನಾಲ್ವರ ಬಾಯಿ ನೋಡುತ್ತಿದ್ದೇನೆ.

ಗುಟ್ಕಾ ನಿಷೇಧವಿದೆಯಲ್ಲ ಎನ್ನಬೇಡಿ. ಮಹಾರಾಷ್ಟ್ರದಲ್ಲಿ 2012ರಿಂದ ಇದೆ. ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಒಟ್ಟಿಗೆ ಕೊಳ್ಳುತ್ತಾರೆ, ಬಾಯಲ್ಲಿ ಬೆರೆಸುತ್ತಾರೆ. ನಿಷೇಧ ಇರುವುದು ಕಾಗದದ ಮೇಲೆ ಮಾತ್ರ.


ಬ್ಯಾರನ್ ಮನೆ:

ನಮ್ಮೂರು ಹುಣಸೂರು, ಈಗ ಐರೋಲಿಯಲ್ಲಿ ಇದ್ದೇನೆ. ಸಿಗರೇಟಿನ ಸುಂಕ ಏರಿದರೆ ತಂಬಾಕು ಬೆಳೆಗಾರ ಸತ್ತ ಎಂದು ಇಲ್ಲಿ ಯಾರಾದರೂ ಬರೆಯುತ್ತಾರೆ ಎಂದು ಕಾದೆ, ಯಾರೂ ಬರೆಯಲಿಲ್ಲ. ಕಂಪನಿಗಳು ಪ್ರತಿ ಬಜೆಟ್ಟಿಗೂ ನಮ್ಮ ಹೆಸರು ಹೇಳುತ್ತವೆ. ನಮ್ಮ ಹೊಗೆಸೊಪ್ಪಿನ ಬಹುಪಾಲು ಹೊರದೇಶಕ್ಕೆ ಹೋಗುವುದು. ಎಷ್ಟು ಬೆಳೆಯಬೇಕು ಎಂದು ತಂಬಾಕು ಮಂಡಳಿ ಹೇಳುತ್ತದೆ, ಅದರ ಹರಾಜು ಕಟ್ಟೆಯಲ್ಲಿ ಮಾರುತ್ತೇವೆ. ಬೆಲೆ ಬಿದ್ದಾಗ ನಮ್ಮಪ್ಪ ಬೈಯುತ್ತಿದ್ದದ್ದು ಕೊಳ್ಳುವವರು ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು. ಮುಂಬಯಿಯಲ್ಲಿ ಸಿಗರೇಟು ದುಬಾರಿಯಾಯಿತು ಎಂದು ಅವರು ಒಮ್ಮೆಯೂ ಬೈದದ್ದು ನೆನಪಿಲ್ಲ. ನಿಪ್ಪಾಣಿಯ ಬೀಡಿ ತಂಬಾಕಿನ ಕಥೆ ಬೇರೆ, ಅಲ್ಲಿನವರು ಯಾರಾದರೂ ಹೇಳಲಿ.


ಗೋಳಗುಮ್ಮಟ:

ಒಂದು ತಮಾಷೆ. ಈ ಪೀಡೆ ಉತ್ತರಕ್ಕೆ ದಾಟಿದ್ದು ನಮ್ಮ ಊರಿನಿಂದಲೇ. ಸುಮಾರು 1604ರಲ್ಲಿ ಅಸದ್ ಬೇಗ್ ಎಂಬವನು ಬಿಜಾಪುರದಿಂದ ತಂಬಾಕು, ರತ್ನ ಕೂರಿಸಿದ ಹುಕ್ಕಾ ಒಯ್ದು ಅಕ್ಬರನ ಮುಂದಿಟ್ಟ. ವೈದ್ಯರು ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದನಂತೆ. ಮಗ ಜಹಾಂಗೀರ್ 1617ರಲ್ಲಿ ನಿಷೇಧಿಸಿದ. ಜೌನ್‌ಪುರದವನು ಘಾಟ್ಕೋಪರಿನಲ್ಲಿ ಮಾರುತ್ತಿದ್ದಾನೆಂದರೆ ನಾವು ಕೊಟ್ಟದ್ದನ್ನು ಮರಳಿಸುತ್ತಿದ್ದಾನೆ.


ಮೊರದ ಮಗಳು:

ತಮಾಷೆ ಮುಗಿದಿದ್ದರೆ ನಾನೊಂದು ಮಾತು ಹೇಳುತ್ತೇನೆ. ಮೇಲೆ ಎಲ್ಲರೂ ಬೀಡಿಯನ್ನು ‘ಕೆಳಗಿನ ಮೆಟ್ಟಿಲು’ ಎಂದು ಕರೆದಿದ್ದೀರಿ. ಆ ಮೆಟ್ಟಿಲನ್ನು ಹತ್ತಿ ಬಂದವಳು ನಾನು.

ನನ್ನ ಊರು ಬೆಳ್ತಂಗಡಿ ತಾಲ್ಲೂಕಿನಲ್ಲಿ. ಈಗ ಮೀರಾ ರೋಡಿನಲ್ಲಿ ಮನೆ, ಬ್ಯಾಂಕಿನಲ್ಲಿ ಕೆಲಸ. ನನ್ನ ತಾಯಿ ಹದಿಮೂರನೆಯ ವಯಸ್ಸಿನಿಂದ ಬೀಡಿ ಕಟ್ಟುತ್ತಾಳೆ, ಈಗಲೂ ಕಟ್ಟುತ್ತಾಳೆ. ರಾತ್ರಿ ಎಲೆ ಒದ್ದೆ ಮಾಡಿ ಗೋಣಿಯಲ್ಲಿ ಸುತ್ತಿಡುವುದು, ಬೆಳಗ್ಗೆ ತಗಡಿನ ಅಳತೆಯಿಟ್ಟು ಕತ್ತರಿಸುವುದು, ಮಧ್ಯಾಹ್ನದ ಗಂಜಿಯ ನಂತರ ಮೊರ ಮಡಿಲಲ್ಲಿಟ್ಟುಕೊಂಡು ಕುಳಿತರೆ ದೀಪ ಹಚ್ಚುವವರೆಗೆ ಏಳುವಂತಿಲ್ಲ. ನಾನು ಎರಡನೆಯ ತರಗತಿಯಲ್ಲಿದ್ದಾಗಲೇ ಬೀಡಿಯ ತುದಿ ಮಡಚಲು ಕಲಿತೆ. ಬೀಡಿ ಕಂಪನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಎಣಿಸುವವನು ಕಟ್ಟನ್ನು ಹಿಸುಕಿ ನೋಡಿ, ಸಡಿಲವಾಗಿದೆ ಎಂದು ಒಂದಷ್ಟನ್ನು ಪಕ್ಕಕ್ಕೆ ತಳ್ಳುತ್ತಿದ್ದ. ತಳ್ಳಿದ್ದಕ್ಕೆ ಮಜೂರಿಯಿಲ್ಲ, ಮರಳಿಯೂ ಕೊಡುತ್ತಿರಲಿಲ್ಲ. ಆ ಬೀಡಿಗಳನ್ನು ಯಾರೋ ಸೇದಿಯೇ ಇರುತ್ತಾರಲ್ಲ? ಅಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ತುಳುವಿನಲ್ಲಿ ಅವನ ವಂಶವನ್ನೇ ಜಾಲಾಡುತ್ತಿದ್ದಳು.

ಈಗ ತೆರಿಗೆಯ ವಿಷಯ. ನನ್ನ ಓದು ನಡೆದದ್ದು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ವಿದ್ಯಾರ್ಥಿವೇತನದಿಂದ. 1976ರ ಕಾನೂನು ಅದು. ಪ್ರತಿ ಸಾವಿರ ಬೀಡಿಗೆ ಇಷ್ಟು ಎಂದು ಸಣ್ಣ ಸೆಸ್ ಹಾಕಿ, ಆ ಹಣವನ್ನು ಬೀಡಿ ಕಟ್ಟುವವರ ಆಸ್ಪತ್ರೆ, ಮನೆ, ಮಕ್ಕಳ ಓದಿಗೆ ಎಂದು ಇಡುತ್ತಿದ್ದರು. ಲೆಕ್ಕಪತ್ರದವರು ಫಿಲಿಪೀನ್ಸಿನವರೆಗೆ ಹೋದರು. ಅಷ್ಟು ದೂರ ಬೇಕಿರಲಿಲ್ಲ, ಬೆಳ್ತಂಗಡಿಯಲ್ಲೇ ಇತ್ತು. ಜಿಎಸ್‌ಟಿ ಬಂದಾಗ, 2017ರಲ್ಲಿ, ಹತ್ತು ಹಲವು ಸೆಸ್‌ಗಳನ್ನು ಗುಡಿಸಿ ಹಾಕುವಾಗ ಇದನ್ನೂ ಗುಡಿಸಿದರು. ಯೋಜನೆಗಳು ಬಜೆಟ್ಟಿನ ಕೃಪೆಯಲ್ಲಿ ನಡೆಯುತ್ತಿವೆ, ಆದರೆ ‘ಇದು ನಮ್ಮ ಬೀಡಿಯ ದುಡ್ಡು’ ಎಂದು ಬೆರಳು ತೋರಿಸುವ ಹಕ್ಕು ಹೋಯಿತು.

ದೇಶದಲ್ಲಿ ನೋಂದಾಯಿತ ಬೀಡಿ ಕಾರ್ಮಿಕರೇ ಸುಮಾರು 50 ಲಕ್ಷ, ಹೆಚ್ಚಿನವರು ಹೆಂಗಸರು. ಬೀಡಿಗೂ ಶೇ 40 ಹಾಕಿ ಎಂದು ಇಲ್ಲಿ ಕುಳಿತು ಬರೆಯುವುದು ಸುಲಭ. ಹಾಕಿದ ಮರುದಿನ ಬ್ರಾಂಚಿನಲ್ಲಿ ವಾರಕ್ಕೆ ನಾಲ್ಕು ದಿನ ಸಿಗುವ ಎಲೆ ಎರಡು ದಿನಕ್ಕೆ ಇಳಿದರೆ, ಆ ಎರಡು ದಿನದ ಅನ್ನ ಯಾರು ಕೊಡುತ್ತಾರೆ ಎಂದೂ ಬರೆಯಿರಿ.


ಪರೇಲ್ ರಾತ್ರಿಪಾಳಿ:

ನಿಮ್ಮ ಮಾತನ್ನು ಎರಡು ಬಾರಿ ಓದಿದೆ. ಎದುರು ಮಾತನಾಡಲು ಮನಸ್ಸಿಲ್ಲ, ಆದರೂ ಒಂದು ಕೇಳುತ್ತೇನೆ. ನಿಮ್ಮ ಅಮ್ಮನ ಉಸಿರು ಹೇಗಿದೆ?


ಮೊರದ ಮಗಳು:

ಚೆನ್ನಾಗಿಲ್ಲ. ತಂಬಾಕಿನ ಘಾಟು ಐವತ್ತು ವರ್ಷ. ಮಳೆಗಾಲದಲ್ಲಿ ಕುಳಿತೇ ನಿದ್ದೆ ಮಾಡುತ್ತಾಳೆ. ಬಿಡು ಎಂದರೆ ಕೈ ಸುಮ್ಮನೆ ಇರುವುದಿಲ್ಲ ಎನ್ನುತ್ತಾಳೆ. ನಾನು ಕಳಿಸುವ ದುಡ್ಡು ಬೇರೆ, ತನ್ನ ದುಡ್ಡು ಬೇರೆ ಎಂದೂ ಎನ್ನುತ್ತಾಳೆ.


ಡೊಂಬಿವಲಿ ಲೆಕ್ಕಪತ್ರ:

ಕಲ್ಯಾಣ ಸೆಸ್ಸಿನ ವಿಷಯ ನನಗೆ ಹೊಳೆಯಲೇ ಇಲ್ಲ, ತಪ್ಪು ನನ್ನದು. ಒಂದು ಸೂಕ್ಷ್ಮ: ನೀವು ಹೇಳುತ್ತಿರುವುದು ಬೀಡಿಯ ತೆರಿಗೆ ಏರಬಾರದು ಎಂದೋ, ಅಥವಾ ಏರಿದರೆ ಆ ಹಣ ಮೊರದ ಮುಂದೆ ಕುಳಿತವರಿಗೆ ಬರಬೇಕು ಎಂದೋ? ಎರಡೂ ಬೇರೆ.


ಮೊರದ ಮಗಳು:

ಎರಡನೆಯದು. ಮೊದಲನೆಯದನ್ನು ಬೀಡಿ ಧಣಿಗಳು ಹೇಳುತ್ತಾರೆ, ಅವರಿಗೆ ನನ್ನ ಸಹಾಯ ಬೇಕಿಲ್ಲ.


ಘಾಟ್ಕೋಪರ್ ಗಲ್ಲಾ:

ಹಾಗಾದರೆ ನನ್ನ ಪ್ರಶ್ನೆ ಇನ್ನೂ ಸರಳ. ಬೀಡಿಯ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಅಂದರೆ 128ಕ್ಕೆ ಮಾರುತ್ತಿದ್ದದ್ದು 118ಕ್ಕೆ ಮಾರಬಹುದು, ಅಥವಾ ಬೆಲೆ ಹಾಗೆಯೇ ಇಟ್ಟು ಹತ್ತು ರೂಪಾಯಿಯನ್ನು ಯಾರಾದರೂ ಜೇಬಿಗೆ ಹಾಕಿಕೊಳ್ಳಬಹುದು (ನಾನು ಬೆಣ್ಣೆಯಲ್ಲಿ ಮಾಡಿದಂತೆ, ದಮ್ಮಿನವರು ನೆನಪಿಸುವ ಮೊದಲೇ ಹೇಳುತ್ತೇನೆ). ಎಲೆಯ ತೆರಿಗೆಯೂ ಇಳಿದಿದೆ. ಇಷ್ಟರಲ್ಲಿ ಸಾವಿರ ಬೀಡಿಯ ಮಜೂರಿಗೆ ಎಷ್ಟು ಸೇರಿತು? ಕಾರ್ಮಿಕರ ಹೆಸರಿನಲ್ಲಿ ಇಳಿಸಿದ್ದಾದರೆ ಅವರಿಗೆ ಒಂದಷ್ಟಾದರೂ ಬಂದಿರಬೇಕಲ್ಲ. ನಿಮ್ಮ ಅಮ್ಮನನ್ನು ಕೇಳಿ ಹೇಳುವಿರಾ?


ಮೊರದ ಮಗಳು:

ಭಾನುವಾರ ಫೋನು ಮಾಡುತ್ತೇನೆ. ಮಧ್ಯದಲ್ಲಿ ಮಾಡಿದರೆ ಎಣಿಕೆ ತಪ್ಪುತ್ತದೆ ಎಂದು ಬೈಯುತ್ತಾಳೆ.


ಕೊನೆಯ ದಮ್ಮು:

ಅಷ್ಟರಲ್ಲಿ ನನ್ನದೊಂದು ವರದಿ. ನಿನ್ನೆ ರೈಲು ನಿಲ್ದಾಣದ ಹೊರಗೆ ಒಬ್ಬ ಹೊರದೇಶದ ಸಿಗರೇಟು ಪೊಟ್ಟಣ ತೋರಿಸಿದ. ನಮ್ಮ ಪೊಟ್ಟಣದ ಅರ್ಧಕ್ಕೂ ಕಡಿಮೆ ಬೆಲೆ. ಕೊಳೆತ ಗಂಟಲಿನ ಚಿತ್ರ ಇಲ್ಲ, ಎರಡೂ ಬದಿಯಲ್ಲಿ ಶೇ 85 ಇರಬೇಕಾದ ಎಚ್ಚರಿಕೆ ಒಂದು ಬದಿಯಲ್ಲೂ ಇಲ್ಲ. ಬಹಳ ಚಂದದ ಪೊಟ್ಟಣ. ನ್ಹಾವಾ ಶೇವಾ ಬಂದರಿನಲ್ಲಿ ಕಂಟೇನರುಗಟ್ಟಲೆ ಹಿಡಿದರು ಎಂದು ಆಗಾಗ ಪತ್ರಿಕೆಯಲ್ಲಿ ಓದುತ್ತೇವಲ್ಲ, ಹಿಡಿಯದೇ ಉಳಿದದ್ದು ಇಲ್ಲಿಗೆ ಬರುತ್ತದೆ. ಕೊಳ್ಳಲಿಲ್ಲ. ನಂಬುವುದಾದರೆ ನಂಬಿ.

ಇನ್ನೊಂದು: ಬಿಡಿ ಸಿಗರೇಟು ಮಾರುವುದು ಮಹಾರಾಷ್ಟ್ರದಲ್ಲಿ 2020ರಿಂದ ನಿಷಿದ್ಧ. ನಾನು ಆರು ವರ್ಷದಲ್ಲಿ ಪೂರ್ತಿ ಪೊಟ್ಟಣ ಕೊಂಡದ್ದು ಮದುವೆ ಮನೆಗಳಿಗೆ ಮಾತ್ರ. ಬಿಡಿಯಾಗಿ ಸಿಗದಿದ್ದರೆ ಖಂಡಿತ ಕಡಿಮೆ ಸೇದುತ್ತಿದ್ದೆ. ತೆರಿಗೆಗಿಂತ ಅದು ನನ್ನನ್ನು ಹೆಚ್ಚು ಕಾಡುತ್ತಿತ್ತು.


ಡೊಂಬಿವಲಿ ಲೆಕ್ಕಪತ್ರ:

ಇದನ್ನು ಒಪ್ಪುತ್ತೇನೆ. ಪೊಟ್ಟಣದ ಮೇಲಿನ ಬೆಲೆಗೆ ಪೈಸೆಯಲ್ಲಿ ಏರಿದ್ದನ್ನು ಬಿಡಿಯಾಗಿ ಮಾರುವವನು ರೂಪಾಯಿಗೆ ದುಂಡು ಮಾಡುತ್ತಾನೆ. ಆ ದುಂಡಿನ ಹಣ ಯಾವ ಬೊಕ್ಕಸಕ್ಕೂ ಹೋಗುವುದಿಲ್ಲ.


ವಾಸ್ಕೋ ವಾಸಿ:

ಜೌನ್‌ಪುರದವನ ಬೊಕ್ಕಸಕ್ಕೆ ಹೋಗುತ್ತದೆ. ಅವನಿಗೂ ಹೆಂಡತಿ ಮಕ್ಕಳು ಇದ್ದಾರೆ.


ಮೊರದ ಮಗಳು:

ಭಾನುವಾರದ ಫೋನು ಆಯಿತು. ಮಜೂರಿ ಹಾಗೆಯೇ ಇದೆ. ತೆರಿಗೆ ಇಳಿದದ್ದು ಬ್ರಾಂಚಿನಲ್ಲಿ ಯಾರಿಗೂ ಗೊತ್ತಿಲ್ಲ, ಎಣಿಸುವವನಿಗೂ ಗೊತ್ತಿಲ್ಲವಂತೆ, ಅಥವಾ ಗೊತ್ತಿಲ್ಲ ಎಂದ. ಬೇರೆ ಏನಾದರೂ ಬದಲಾಗಿದೆಯೇ ಎಂದು ಕೇಳಿದೆ. ಕಳೆದ ತಿಂಗಳಿನಿಂದ ಎಲೆ ಸ್ವಲ್ಪ ಹೆಚ್ಚು ಕೊಡುತ್ತಿದ್ದಾರೆ, ವಾರಕ್ಕೆ ನಾಲ್ಕು ದಿನ ಇದ್ದದ್ದು ಐದು ದಿನವಾಗಿದೆ ಎಂದಳು. ಖುಷಿಯಲ್ಲಿದ್ದಳು. ನಾನು ಘಾಟ್ಕೋಪರಿನ ಮೆಟ್ಟಿಲಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಆ ಹುಡುಗರು ಯಾವ ಊರಿನವರು?’ ಎಂದು ಕೇಳಿದಳು.


ಘಾಟ್ಕೋಪರ್ ಗಲ್ಲಾ:

ಒಬ್ಬ ಶಿರೂರಿನವನು, ಇನ್ನೊಬ್ಬ ನಾವುಂದದವನು. ಇಂದು ಮೂರನೆಯವನೊಬ್ಬ ಅವರ ಜೊತೆ ಕುಳಿತಿದ್ದ. ಅವನ ಊರು ಕೇಳಿಲ್ಲ.